ಸಂಪಾದಕರ ಉತ್ತರ: ಜುಲೈಯ ಮಳೆಗೂ ಮೇ ತಿಂಗಳ ಬಿಸಿಲಿಗೂ ಒಗ್ಗುವ ಉದ್ಯಾನ

ಮಾನ್ಯರೇ,

ಕುಲಶೇಖರದಿಂದ ತಾವು ಬರೆದ ಪತ್ರ ತಲಪಿದೆ. ಮಂಗಳೂರಿನ ಉದ್ಯಾನಗಳಲ್ಲಿ ಹುಲ್ಲುಹಾಸು, ಕಾರಂಜಿ, ಇಂಟರ್‌ಲಾಕ್ ಇವುಗಳನ್ನು ಕಡಿಮೆ ಮಾಡಿ, ಊರಿನ ಗಿಡಮರಗಳಿಗೂ ಮಳೆನೀರಿಗೂ ಜಾಗ ಬಿಡಬೇಕೆಂದು ಕಳೆದ ಸಂಚಿಕೆಯ ಲೇಖನದಲ್ಲಿ ಹೇಳಿದ್ದನ್ನು ತಾವು ಒಪ್ಪಿಲ್ಲ. ಇಷ್ಟೊಂದು ಮಳೆ ಸುರಿಯುವ ಊರಿನಲ್ಲಿ ನೀರಿನ ಮಿತವ್ಯಯವನ್ನು ಬೋಧಿಸುವುದು ವಿಚಿತ್ರವೆಂದೂ, ಊರಿನ ಗಿಡವೆಂದರೆ ಪೊದೆ, ಪೊದೆಯೆಂದರೆ ಹಾವು ಮತ್ತು ಸೊಳ್ಳೆ ಎಂದೂ, ವಯಸ್ಸಾದವರಿಗೆ ಕೆಸರಿಲ್ಲದ ದಾರಿ ಬೇಕೆಂದೂ, ಸಿಂಗಾಪುರದ ಉದ್ಯಾನದಲ್ಲಿ ಕಂಡ ಅಚ್ಚುಕಟ್ಟು ನಮಗೇಕೆ ಬೇಡವೆಂದೂ ಕೇಳಿದ್ದೀರಿ. ತಮ್ಮ ಬಡಾವಣೆಯಲ್ಲಿ ಒಂದು ಎಕರೆ ಜಾಗದಲ್ಲಿ ಆಗಲಿರುವ ಉದ್ಯಾನದ ಬಗ್ಗೆ ನಿವಾಸಿಗಳು ಏನನ್ನು ಒತ್ತಾಯಿಸಬೇಕೆಂಬುದು ತಮ್ಮ ಕೊನೆಯ ಪ್ರಶ್ನೆ. ಪತ್ರದಲ್ಲಿ ಸಿಟ್ಟಿನ ಜೊತೆಗೆ ವಿಚಾರವೂ ಇರುವುದರಿಂದ ಉತ್ತರ ಉದ್ದವಾಗಿದೆ, ಕ್ಷಮೆಯಿರಲಿ.

ಮಳೆಯ ಲೆಕ್ಕದಿಂದಲೇ ಆರಂಭಿಸೋಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಎಕರೆಯೆಂದರೆ 4,047 ಚದರ ಮೀಟರ್. ಮಂಗಳೂರಿನ ವಾರ್ಷಿಕ ಮಳೆಯನ್ನು 3,500 ಮಿಲಿಮೀಟರ್ ಎಂದು ಕಡಿಮೆಯಾಗಿಯೇ ಹಿಡಿದರೂ ತಮ್ಮ ಬಡಾವಣೆಯ ಆ ಜಾಗದ ಮೇಲೆ ವರ್ಷಕ್ಕೆ ಸುಮಾರು 1.4 ಕೋಟಿ ಲೀಟರ್ ನೀರು ಬೀಳುತ್ತದೆ. ಇಷ್ಟು ನೀರಿರುವಾಗ ಮಿತವ್ಯಯವೇಕೆ ಎಂಬ ತಮ್ಮ ಪ್ರಶ್ನೆ ಸಹಜವೇ. ಆದರೆ ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ. ನಮ್ಮ ಗುಡ್ಡಗಳ ಮುರಕಲ್ಲು, ಎಂದರೆ ಕೆಂಪುಕಲ್ಲು, ರಂಧ್ರಗಳಿಂದ ಕೂಡಿದ ಕಲ್ಲು. ನೀರನ್ನು ಬೇಗನೆ ಕುಡಿದು ಅಷ್ಟೇ ಬೇಗನೆ ತಗ್ಗಿಗೆ ಬಿಟ್ಟುಕೊಡುತ್ತದೆ. ಜುಲೈಯಲ್ಲಿ ಬಗ್ಗಿದರೆ ಕೈಗೆ ಸಿಗುವಂತೆ ತುಂಬಿರುವ ಬಾವಿ ಏಪ್ರಿಲ್‌ನಲ್ಲಿ ತಳ ತೋರಿಸುವುದಕ್ಕೆ ಕಾರಣ ಇದೇ. ಬೇಸಿಗೆಯಲ್ಲಿ ಒಂದು ಚದರ ಮೀಟರ್ ಹುಲ್ಲುಹಾಸು ಹಸಿರಾಗಿರಬೇಕಾದರೆ ದಿನಕ್ಕೆ ನಾಲ್ಕೈದು ಲೀಟರ್ ನೀರು ಬೇಕು. ಒಂದು ಎಕರೆ ಪೂರ್ತಿ ಹುಲ್ಲು ಹಾಸಿದರೆ ದಿನಕ್ಕೆ ಹದಿನಾರರಿಂದ ಇಪ್ಪತ್ತು ಸಾವಿರ ಲೀಟರ್. ಆ ನೀರು ಬರಬೇಕಾದದ್ದು ಕೊಳವೆಬಾವಿಯಿಂದ, ಇಲ್ಲವೇ ಟ್ಯಾಂಕರಿನಿಂದ, ಅದೂ ಇಲ್ಲವಾದರೆ ನಗರಕ್ಕೆ ನೀರೊದಗಿಸುವ, ನೇತ್ರಾವತಿಯ ತುಂಬೆಯ ಕಿಂಡಿ ಅಣೆಕಟ್ಟಿನಿಂದ. ನೇತ್ರಾವತಿಯಲ್ಲಿ ಒಳಹರಿವು ನಿಂತು 2019ರ ಬೇಸಿಗೆಯಲ್ಲಿ, ಮತ್ತೆ 2023ರಲ್ಲಿ, ನಗರಕ್ಕೆ ಕುಡಿಯುವ ನೀರನ್ನೇ ಸರದಿಯ ಮೇಲೆ ಬಿಟ್ಟದ್ದು ತಮಗೂ ನೆನಪಿರಬಹುದು. ನಮ್ಮ ಉದ್ಯಾನಗಳ ನಕ್ಷೆಗಳು ಈ ಎರಡು ಋತುಗಳಲ್ಲಿ ಯಾವುದನ್ನೂ ಗಮನಕ್ಕೆ ತೆಗೆದುಕೊಳ್ಳದೆ, ಉದ್ಘಾಟನೆಯ ದಿನವೊಂದನ್ನೇ ಕಣ್ಣ ಮುಂದಿಟ್ಟುಕೊಂಡು ತಯಾರಾಗುತ್ತಿವೆ ಎಂಬುದೇ ನಮ್ಮ ಲೇಖನದ ಮುಖ್ಯ ತಕರಾರಾಗಿತ್ತು.

ತುಳುನಾಡಿನ ರೈತರು ನೆಲವನ್ನು ಬೆಟ್ಟು, ಮಜಲು, ಬೈಲು ಎಂದು ಮೂರಾಗಿ ನೋಡುತ್ತಿದ್ದರು. ಎತ್ತರದ ಬೆಟ್ಟುವಿನಲ್ಲಿ ಮಳೆಯನ್ನೇ ನಂಬಿದ ಒಂದು ಬೆಳೆ, ನಡುವಣ ಮಜಲಿನಲ್ಲಿ ಎರಡು, ನೀರು ಬಂದು ಸೇರುವ ಬೈಲಿನಲ್ಲಿ ಅದಕ್ಕೂ ಹೆಚ್ಚು. ನೀರು ಇಳಿಯುವ ಕ್ರಮಕ್ಕೆ ಕಟ್ಟಪುಣಿ ಎಂಬ ಗದ್ದೆಬದು, ಕಣಿ ಎಂಬ ಸಣ್ಣ ಕಾಲುವೆ, ತೋಡು ಎಂಬ ಹಳ್ಳಗಳಿದ್ದವು, ಮೇಲೆ ಮದಕವೆಂಬ ಕೆರೆಯಿರುತ್ತಿತ್ತು. ಈಗ ಬೆಟ್ಟುಗಳನ್ನು ಕಡಿದು ಸಮತಟ್ಟು ಮಾಡಿದ್ದೇವೆ, ಬೈಲುಗಳಿಗೆ ಮಣ್ಣು ತುಂಬಿಸಿದ್ದೇವೆ. 2018ರ ಮೇ 29ರಂದು, ಮುಂಗಾರು ಕಾಲಿಡುವ ಹೊತ್ತಿಗೇ, ನಗರದ ತಗ್ಗು ಪ್ರದೇಶಗಳೆಲ್ಲ ಒಂದೇ ದಿನದ ಮಳೆಗೆ ಮುಳುಗಿದಾಗ ನೀರು ಹುಡುಕಿಕೊಂಡು ಹೋದದ್ದು ತನ್ನ ಹಳೆಯ ಬೈಲುಗಳನ್ನೇ. ನಗರದ ನಡುವೆ ಇನ್ನೂ ಕಾಂಕ್ರೀಟಾಗದೆ ಉಳಿದಿರುವ ನೆಲವೆಂದರೆ ಹೆಚ್ಚಾಗಿ ಉದ್ಯಾನ ಮತ್ತು ಮೈದಾನಗಳು. ಅಲ್ಲಿಯೂ ಬಿದ್ದ ನೀರನ್ನು ಹತ್ತೇ ನಿಮಿಷದಲ್ಲಿ ಚರಂಡಿಗೆ ದಾಟಿಸುವ ವಿನ್ಯಾಸ ಮಾಡಿದರೆ ಕೆಳಗಿನ ಬೀದಿಯವರಿಗೆ ನಾವು ಮಾಡುವುದು ಅನ್ಯಾಯ. ಉದ್ಯಾನದ ಒಂದು ಮೂಲೆಯನ್ನು ಒಂದೆರಡು ಅಡಿ ತಗ್ಗಾಗಿ ಬಿಟ್ಟು, ಜೋರು ಮಳೆಯ ನೀರು ಅಲ್ಲಿ ಕೆಲವು ಗಂಟೆ ನಿಂತು, ಆಮೇಲೆ ನಿಧಾನವಾಗಿ ತೋಡಿಗೆ ಸೇರುವಂತೆ ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಬೇಸಿಗೆಯಲ್ಲಿ ಅದೇ ತಗ್ಗು ಮಕ್ಕಳಿಗೆ ಆಟದ ಬಯಲಾಗುತ್ತದೆ.

ಆದರೆ ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು, ಏಕೆಂದರೆ ನೀರಿಂಗಿಸುವ ಉತ್ಸಾಹದಲ್ಲಿ ಇದನ್ನು ಮರೆಯುವವರು ಬಹಳ. ಮುರಕಲ್ಲಿನ ಗಟ್ಟಿ ಪದರದ ಕೆಳಗೆ ಶೇಡಿ ಎಂಬ ಜೇಡಿಮಣ್ಣಿರುತ್ತದೆ. ಒಣಗಿರುವಾಗ ಅದು ಗೋಡೆಯಂತೆ ನಿಂತಿರುತ್ತದೆ. ನೀರು ಹೊಕ್ಕರೆ ಬಲ ಕಳೆದುಕೊಂಡು ಜಾರುತ್ತದೆ. ರಸ್ತೆಗಾಗಿಯೋ ಕಟ್ಟಡಕ್ಕಾಗಿಯೋ ಗುಡ್ಡವನ್ನು ನೆಟ್ಟಗೆ ಕಡಿದ ಕಡೆಗಳಲ್ಲಿ ಪ್ರತಿ ಮಳೆಗಾಲದಲ್ಲೂ ಕುಸಿತ ಉಂಟಾಗುವುದರ ಹಿಂದೆ ಈ ಶೇಡಿ ಮಣ್ಣಿನ ಪಾತ್ರ ದೊಡ್ಡದು. ಆದ್ದರಿಂದ ಕಡಿದ ದರೆಯ ನೆತ್ತಿಯ ಮೇಲಿರುವ ಉದ್ಯಾನದಲ್ಲಿ ಸಾಲುಸಾಲಾಗಿ ಇಂಗುಗುಂಡಿ ತೋಡುವುದು ಪರಿಸರಪ್ರೇಮವಾಗದು, ಅಪಾಯವಾದೀತು. ಅಂಥಲ್ಲಿ ನೀರನ್ನು ಒಂದೇ ಎತ್ತರದಲ್ಲಿ ಸಾಗುವ ಸಮೋನ್ನತ ರೇಖೆಯುದ್ದಕ್ಕೂ ಹುಲ್ಲಿನ ಕಣಿಗಳಲ್ಲಿ ನಿಧಾನವಾಗಿ ಹರಿಸಿ, ದರೆಯಿಂದ ದೂರ ಒಯ್ದು ಇಳಿಸಬೇಕು. ಅಂಚಿನಲ್ಲಿ ಲಾವಂಚದಂತಹ ಆಳವಾಗಿ ಬೇರಿಳಿಯುವ ಹುಲ್ಲನ್ನು ನೆಡಬೇಕು. ಇಂಗಿಸುವ ಕೆಲಸ ನಡೆಯಬೇಕಾದದ್ದು ತಗ್ಗಿನಲ್ಲಿ ಮತ್ತು ವಿಶಾಲವಾದ ಪದವುಗಳ (ಗುಡ್ಡದ ಮೇಲಿನ ಬಯಲುಗಳ) ನಡುಭಾಗದಲ್ಲಿ. ಒಂದೇ ಮಾದರಿಯ ನಕ್ಷೆಯನ್ನು ಎಲ್ಲ ವಾರ್ಡುಗಳಿಗೂ ಹಂಚುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ.

ಇನ್ನು ಪೊದೆ, ಹಾವು, ಸೊಳ್ಳೆಗಳ ವಿಚಾರ. ಊರಿನ ಗಿಡ ನೆಡುವುದೆಂದರೆ ಕಾಡು ಬೆಳೆಯಲು ಬಿಡುವುದು ಎಂಬ ಭಾವನೆ ತಮ್ಮದು ಮಾತ್ರವಲ್ಲ, ಹಲವು ಅಧಿಕಾರಿಗಳದ್ದೂ ಹೌದು. ರೆಂಜೆಯ (ಬಕುಳದ) ದಟ್ಟ ನೆರಳು, ಸಂಪಿಗೆಯ ಎತ್ತರ, ವರ್ಷವಿಡೀ ಹಸಿರಾಗಿರುವ ಪುನರ್ಪುಳಿ, ಮುರಕಲ್ಲಿನ ಸಂದಿಯಲ್ಲೂ ಬೇರೂರಿ ಯಾರೂ ನೀರೆರೆಯದೆ ಕೆಂಪಗೆ ಹೂಬಿಡುವ ಕೇಪುಳ, ಇವುಗಳಲ್ಲಿ ಯಾವುದೂ ಅಚ್ಚುಕಟ್ಟಿಗೆ ವಿರೋಧಿಯಲ್ಲ. ಕುಂಟಾಲದ ಹಣ್ಣನ್ನು ಬಾಲ್ಯದಲ್ಲಿ ತಿಂದು ನಾಲಗೆ ನೇರಳೆ ಮಾಡಿಕೊಳ್ಳದವರು ಕರಾವಳಿಯಲ್ಲಿ ಕಡಿಮೆ. ಅದನ್ನು ಈಗಿನ ಮಕ್ಕಳು ಒಂದು ಉದ್ಯಾನದಲ್ಲಾದರೂ ಕಾಣಲಿ ಎಂಬುದು ನನ್ನ ಸ್ವಂತ ಆಸೆ. ಹೊರಗಿನಿಂದ ಬಂದ ಮರವೆಲ್ಲ ಕೆಟ್ಟದ್ದೆಂಬ ಹಟವೂ ನಮಗಿಲ್ಲ. ಪೋರ್ಚುಗೀಸರು ತಂದ ಗೇರು ಇಲ್ಲಿ ಊರಿನ ಮರವೇ ಆಗಿಬಿಟ್ಟಿದೆ. ಅಮೆರಿಕ ಖಂಡದಿಂದ ಬಂದ ಮಳೆಮರ ಎಷ್ಟೋ ರಸ್ತೆಗಳಿಗೆ ನೆರಳು ಕೊಟ್ಟಿದೆ. ಆದರೆ ಬೇರು ಮೇಲುಮೇಲಕ್ಕೇ ಹರಡಿ ಕೊಂಬೆ ಸುಲಭವಾಗಿ ಮುರಿಯುವ ಗುಲ್‌ಮೊಹರನ್ನು ಗಾಳಿಮಳೆಯ ಈ ಊರಿನಲ್ಲಿ ಜನ ಕೂರುವ ಬೆಂಚುಗಳ ಮೇಲೆಯೇ ಬೆಳೆಸುವುದು ಜಾಣತನವಲ್ಲ. ಬೇಗ ಹಸಿರು ಕಾಣುತ್ತದೆಂದು ಸಾಲಾಗಿ ನೆಡುತ್ತಿದ್ದ ಕೊನೊಕಾರ್ಪಸ್ ಗಿಡವನ್ನು ಗುಜರಾತ್ ಸರಕಾರ 2023ರಲ್ಲಿ ನಿಷೇಧಿಸಿತು ಎಂಬುದೂ ಗಮನಾರ್ಹ.

ಹಾವಿನ ಭಯಕ್ಕೆ ಉತ್ತರ ಸರಳ: ಹಾವು ಬರುವುದು ಇಲಿಗಾಗಿ, ಇಲಿ ಬರುವುದು ನಾವು ಎಸೆದ ತಿಂಡಿಗಾಗಿ. ದಾರಿಯ ಎರಡೂ ಬದಿಗೆ ಒಂದು ಮೀಟರ್ ತೆರವಾಗಿಟ್ಟು, ಪೊದೆಗಿಡಗಳನ್ನು ಹಿಂದಕ್ಕೆ ಸರಿಸಿ, ಕಸದ ತೊಟ್ಟಿಯನ್ನು ದಿನವೂ ಖಾಲಿ ಮಾಡಿದರೆ ಸಾಕು. (ಹಾವಿಗೆಂದೇ ಕಾಯ್ದಿಟ್ಟ ನಾಗಬನಗಳ ಮರಗಳನ್ನು ಕಡಿದು, ಸಿಮೆಂಟಿನ ಕಟ್ಟೆ ಕಟ್ಟಿ, ಅದನ್ನು ಜೀರ್ಣೋದ್ಧಾರವೆಂದು ಕರೆಯುವ ಕಾಲದಲ್ಲಿ ಉದ್ಯಾನಕ್ಕೆ ಹಾವು ಬಂದೀತೆಂಬ ಚಿಂತೆ ಸ್ವಲ್ಪ ಅಚ್ಚರಿ ಹುಟ್ಟಿಸುತ್ತದೆ.) ಸೊಳ್ಳೆಯ ವಿಷಯವನ್ನು ಮಾತ್ರ ಮಂಗಳೂರಿನಲ್ಲಿ ಹಗುರವಾಗಿ ಕಾಣುವಂತಿಲ್ಲ, ದಶಕಗಳಿಂದ ಮಲೇರಿಯಾ ಕಂಡ ಊರಿದು. ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಮೊಟ್ಟೆಯಿಡುವುದು ಮುಖ್ಯವಾಗಿ ತಾರಸಿಯ ತೊಟ್ಟಿ, ಕಟ್ಟಡ ಕಾಮಗಾರಿಯ ಟ್ಯಾಂಕ್, ಬಾವಿ ಮುಂತಾದ ಕಡೆ ನಿಂತ ತಿಳಿನೀರಿನಲ್ಲಿ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರಕ್ಕೂ ಹೆಚ್ಚು ಬೇಕಾಗುತ್ತದೆ. ಹಾಗಾಗಿ ಎರಡು ದಿನಗಳೊಳಗೆ ಬರಿದಾಗುವ ಮಳೆತಗ್ಗಿನಲ್ಲಿ ಸೊಳ್ಳೆ ಹುಟ್ಟಲಾರದು. ತಾವು ಹೆದರಬೇಕಾದದ್ದು ಪಂಪು ಕೆಟ್ಟು ಮೂಲೆ ಸೇರಿದ ಕಾರಂಜಿಯ ತೊಟ್ಟಿಗೆ.

ದಾರಿಯ ವಿಚಾರದಲ್ಲಿ ತಮ್ಮ ಮಾತಿಗೆ ನನ್ನ ಒಪ್ಪಿಗೆಯಿದೆ. ಊರುಗೋಲು ಹಿಡಿದವರಿಗೂ ಗಾಲಿಕುರ್ಚಿಯವರಿಗೂ ಗಟ್ಟಿಯಾದ, ಸಮನಾದ ಒಂದು ಮುಖ್ಯ ದಾರಿ ಬೇಕೇ ಬೇಕು. ಆದರೆ ಆ ಒಂದು ದಾರಿಯ ನೆಪದಲ್ಲಿ ಅರ್ಧ ಉದ್ಯಾನಕ್ಕೆ ಇಂಟರ್‌ಲಾಕ್ ಹಾಸುವುದನ್ನು ಒಪ್ಪಲಾಗದು. ಇಂಟರ್‌ಲಾಕಿನ ಸಂದಿಯಲ್ಲಿ ನೀರಿಳಿಯುತ್ತದೆ ಎನ್ನುವವರು ಅದರ ಅಡಿಗೆ ಹಾಕಿದ ಕಾಂಕ್ರೀಟನ್ನು ಹೇಳುವುದಿಲ್ಲ. ಆಷಾಢ ಕಳೆಯುವ ಹೊತ್ತಿಗೆ ನೆರಳಿನಲ್ಲಿರುವ ಇಂಟರ್‌ಲಾಕಿನ ಮೇಲೆ ಹಾವಸೆ ಕಟ್ಟಿ ಅದು ಕೆಸರಿಗಿಂತ ಹೆಚ್ಚು ಜಾರುತ್ತದೆ. ಹಾವಸೆಗೆ ಬ್ಲೀಚಿಂಗ್ ಪೌಡರ್ ಎರಚಿದರೆ ಅದು ಪಕ್ಕದ ಗಿಡದ ಬುಡಕ್ಕೆ ಸೇರುತ್ತದೆ. ಕೆಂಪುಕಲ್ಲಿಗೂ ಹಾವಸೆ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಮುಖ್ಯ ದಾರಿಯನ್ನು ಬಿಸಿಲು ಬೀಳುವ ಕಡೆ, ಒರಟು ಮೈಯ ಕಲ್ಲಿನಲ್ಲಿ, ನಡು ಸ್ವಲ್ಪ ಉಬ್ಬಿ ಬದಿಗೆ ನೀರಿಳಿಯುವಂತೆ ಮಾಡಿ, ಉಳಿದ ಕಾಲುದಾರಿಗಳಿಗೆ ಜಲ್ಲಿ ಹಾಕಿದರೆ ಸಾಕಾಗುತ್ತದೆ. ಮರದ ಬುಡವನ್ನಂತೂ ಮುಚ್ಚಲೇಬಾರದು. ದಿಲ್ಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್ ಅಳತೆಯೊಳಗಿನ ಕಾಂಕ್ರೀಟನ್ನು ತೆಗೆಯುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತ್ತು.

ತಾವು ಮೆಚ್ಚಿದ ಸಿಂಗಾಪುರದ ಬಿಶಾನ್ ಉದ್ಯಾನ ನಮ್ಮ ವಾದಕ್ಕೇ ಬಲ ಕೊಡುತ್ತದೆ. ಅಲ್ಲಿ 2.7 ಕಿಲೋಮೀಟರ್ ಉದ್ದದ ನೆಟ್ಟನೆಯ ಕಾಂಕ್ರೀಟ್ ಕಾಲುವೆಯನ್ನು ಒಡೆದು, ಬಳುಕಿ ಹರಿಯುವ 3.2 ಕಿಲೋಮೀಟರ್‌ನ ನದಿಯಾಗಿಸಿ, ಜೋರು ಮಳೆ ಬಂದಾಗ ಉದ್ಯಾನದ ಹುಲ್ಲುಗಾವಲೇ ನದಿಯ ಪಾತ್ರವಾಗುವಂತೆ 2012ರ ಹೊತ್ತಿಗೆ ಪುನರ್ವಿನ್ಯಾಸ ಮಾಡಿದರು. ತಾವು ಕಂಡ ಅಚ್ಚುಕಟ್ಟಿನ ಕೆಳಗಿರುವುದು ನೀರಿಗೆ ಜಾಗ ಬಿಟ್ಟ ಈ ವಿನ್ಯಾಸ. ಆದರೂ ಅದನ್ನು ಹಾಗೆಯೇ ಇಲ್ಲಿಗೆ ತರಲಾಗದು. ಸಿಂಗಾಪುರದಲ್ಲಿ ವರ್ಷಕ್ಕೆ ಸುಮಾರು 2,400 ಮಿಲಿಮೀಟರ್ ಮಳೆ ಹೆಚ್ಚುಕಡಿಮೆ ಎಲ್ಲ ತಿಂಗಳಲ್ಲೂ ಬೀಳುವುದರಿಂದ ಹುಲ್ಲು ತಾನಾಗಿ ಹಸಿರಾಗಿರುತ್ತದೆ. ಇಲ್ಲಿ ಹಾಗಲ್ಲ. ಮಳೆಗಾಲದಲ್ಲಿ ನೀರು ನಿಂತು ಕೊಳೆಯುವ, ಬೇಸಿಗೆಯಲ್ಲಿ ಟ್ಯಾಂಕರ್ ಬೇಡುವ ಮೆಕ್ಸಿಕನ್ ಹುಲ್ಲಿನ ಬದಲು ಗರಿಕೆ ಮತ್ತು ಊರಿನ ಹುಲ್ಲುಗಳನ್ನು ಬಿಟ್ಟು, ಮಾರ್ಚ್‌ನಿಂದ ಮೇವರೆಗೆ ಅವು ಕಂದಾಗುವುದನ್ನು ನಾವು ಸಹಿಸಿಕೊಳ್ಳಬೇಕು. ಮೊದಲ ಮಳೆಗೆ ಅವು ತಾವಾಗಿ ಚಿಗುರುತ್ತವೆ. ಈ ಇಡೀ ಪತ್ರದಲ್ಲಿ ತಮ್ಮಂಥ ನಾಗರಿಕರಿಂದ ನಾನು ಬಯಸುವ ನಿಜವಾದ ತ್ಯಾಗ ಇದೊಂದೇ.

ನಿರ್ವಹಣೆಯಿಲ್ಲದೆ ಎಲ್ಲವೂ ಹಾಳಾಗುತ್ತದೆ ಎಂದು ತಾವು ಬರೆದದ್ದು ಪೂರ್ತಿ ಸರಿ. ಕಟ್ಟುವುದಕ್ಕೆ ಟೆಂಡರ್ ಇರುತ್ತದೆ. ಮಾಲಿಯ ಸಂಬಳಕ್ಕೆ ಇರುವುದಿಲ್ಲ. ಉದುರಿದ ಎಲೆಯನ್ನು ಗುಡಿಸಿ ಮೂಲೆಯಲ್ಲಿ ಸುಡುವುದೋ, ನಗರದ ಕಸ ಸುರಿಯುವ ಪಚ್ಚನಾಡಿಗೆ ಸಾಗಿಸುವುದೋ ರೂಢಿಯಾಗಿದೆ. 2019ರಲ್ಲಿ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರದ ಮನೆ, ತೋಟಗಳನ್ನು ಮುಚ್ಚಿದ್ದನ್ನು ಕಂಡ ಮೇಲೂ. ಅದೇ ಎಲೆಯನ್ನು ಗಿಡದ ಬುಡಕ್ಕೆ ಹೊದಿಸಿದರೆ ಮಳೆಗೆ ಮಣ್ಣು ಕೊಚ್ಚಿಹೋಗದು, ಬೇಸಿಗೆಯಲ್ಲಿ ತೇವ ಆರದು.

ಈಗ ತಮ್ಮ ಬಡಾವಣೆಯ ಒಂದು ಎಕರೆ. ನಕ್ಷೆ ಇನ್ನೂ ಅಂತಿಮವಾಗಿಲ್ಲ ಎಂದಿದ್ದೀರಿ. ಹಾಗಿದ್ದರೆ ಒಂದು ಮಳೆಗಾಲ ಕಾಯುವಂತೆ ಕೇಳಿ. ಜೋರು ಮಳೆಯ ದಿನ ನೀರು ಎಲ್ಲಿಂದ ಒಳಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾರ ಮನೆಯ ಕಡೆಗೆ ಹೊರಹೋಗುತ್ತದೆ ಎಂಬುದನ್ನು ಅಕ್ಕಪಕ್ಕದವರು ಗುರುತು ಹಾಕಿ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಯಾವ ಸರ್ವೇಯರೂ ಬೇಸಿಗೆಯಲ್ಲಿ ಬಂದು ಹೇಳಲಾಗದ ಮಾಹಿತಿ ತಮ್ಮ ಕೈಯಲ್ಲಿರುತ್ತದೆ. ಪಕ್ಕದಲ್ಲಿ ಕಡಿದ ದರೆಯಿದ್ದರೆ ಅದನ್ನು ಲಿಖಿತವಾಗಿ ತಿಳಿಸಿ. ಈಗಿರುವ ಮರಗಳಿಗೆ ಸಂಖ್ಯೆ ಹಾಕಿಸಿ. ಅವುಗಳನ್ನು ಕಡಿಯಲು 1976ರ ಮರಸಂರಕ್ಷಣಾ ಕಾಯಿದೆಯಂತೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಉದ್ಯಾನದ ಜಾಗವನ್ನು ಬೇರೆ ಉದ್ದೇಶಕ್ಕೆ ಬಳಸದಂತೆ ತಡೆಯಲು 1985ರ ರಾಜ್ಯ ಕಾಯಿದೆಯೊಂದಿದೆ, ಯಾರಾದರೂ ಮೂಲೆಯಲ್ಲಿ ಕಟ್ಟಡದ ಪ್ರಸ್ತಾಪ ತಂದರೆ ಅದು ನೆನಪಿರಲಿ. ಗಿಡದ ಗುಂಡಿಗಳನ್ನು ಮುರಕಲ್ಲು ಗಟ್ಟಿಯಾಗಿರುವಲ್ಲಿ ಒಂದು ಮೀಟರಿನಷ್ಟಾದರೂ ಆಳ ಅಗಲಕ್ಕೆ ತೋಡಿ, ಇಳಿಜಾರಿನ ಬದಿಯನ್ನು ಒಡೆಯಬೇಕು. ಇಲ್ಲವಾದರೆ ಜುಲೈಯಲ್ಲಿ ಗುಂಡಿ ಬಕೆಟಿನಂತೆ ತುಂಬಿ ಬೇರು ಕೊಳೆಯುತ್ತದೆ. ಗುತ್ತಿಗೆಯಲ್ಲಿ ಮೂರು ವರ್ಷಗಳ ನಿರ್ವಹಣೆಯನ್ನು ಸೇರಿಸಿ, ಕೊನೆಯ ಕಂತಿನ ಹಣವನ್ನು ಮೂರನೆಯ ಬೇಸಿಗೆ ಕಳೆದು ಗಿಡ ಎಣಿಸಿದ ಮೇಲೆ ಕೊಡುವ ಷರತ್ತು ಹಾಕಿಸಲು ತಮ್ಮ ವಾರ್ಡ್ ಸಮಿತಿ ಪಟ್ಟು ಹಿಡಿಯಲಿ. ಗಿಡಗಳ ಆಯ್ಕೆಗೆ ಮುನ್ನ ಎರಡು ಮೂರು ಮಂದಿ ಪಿಲಿಕುಳ ನಿಸರ್ಗಧಾಮಕ್ಕೆ ಹೋಗಿ, ಅಲ್ಲಿನ ಪಶ್ಚಿಮ ಘಟ್ಟದ ಮರಗಳ ತೋಪಿನಲ್ಲಿ ಯಾವ ಮರ ಎಷ್ಟು ಹರಡುತ್ತದೆಂದು ಕಣ್ಣಾರೆ ನೋಡಿ ಬರುವುದು ಒಳ್ಳೆಯದು; ನರ್ಸರಿಯ ಪ್ಲಾಸ್ಟಿಕ್ ತೊಟ್ಟೆಯಲ್ಲಿರುವ ಸಸಿಯನ್ನು ನೋಡಿ ಅದನ್ನು ಊಹಿಸಲಾಗದು. ಕಾರಂಜಿಗೆಂದು ಇಟ್ಟ ಹಣವನ್ನು ಮಾಲಿಯ ಸಂಬಳಕ್ಕೆ ತಿರುಗಿಸಲು ಸಾಧ್ಯವೇ ಎಂದೂ ಕೇಳಿ ನೋಡಿ. ಲೆಕ್ಕದ ಶೀರ್ಷಿಕೆ ಬೇರೆ ಎಂಬ ಉತ್ತರ ಬಂದರೆ, ಆ ಉತ್ತರವನ್ನೂ ಲಿಖಿತವಾಗಿ ಪಡೆಯಿರಿ.

ತಮ್ಮ ವಿಶ್ವಾಸಿ,
ಸಂಪಾದಕ