ಕಂಪನಿಯೇ ಮತ್ತೆ ಕಟ್ಟಿದ ಹಳೆ ಕಾರು ಅಸಲಿಯಾ, ನಕಲಿಯಾ?

ಜಾಗ್ವಾರ್, ಆಸ್ಟನ್ ಮಾರ್ಟಿನ್‌ನವರು ಐವತ್ತು ಅರವತ್ತು ವರ್ಷದ ಹಿಂದಿನ ಸ್ಪೋರ್ಟ್ಸ್ ಕಾರುಗಳನ್ನು ಹಳೆ ಡ್ರಾಯಿಂಗ್ ಇಟ್ಟುಕೊಂಡು ಈಗ ಹೊಸದಾಗಿ ಕಟ್ಟಿ 'ಕಂಟಿನ್ಯುಯೇಷನ್' ಅಂತ ಮಾರುತ್ತಾರಲ್ಲ, ಅದು ಅಸಲಿಯೇ ಅಂತ ಕೇಳಿದ್ದೀರಿ. ಸರಿ. ಆದರೆ ಪ್ರಶ್ನೆಯ ಕೊನೆಯಲ್ಲಿ ಸುಮ್ನೆ ಸೇರಿಸಿದ ಹಾಗೆ ಇನ್ನೊಂದು ಸಾಲು ಇದೆ. ಬಿಡಿಭಾಗ ಜೋಡಿಸಿ ಹೊಸದರ ಹಾಗೆ ಕಟ್ಟಿದ ಒಂದು ಹಳೆ ಜಾವಾ ಸಿಗ್ತಾ ಇದೆ, ಎಲ್ಲ ಅದೇ ಕಂಪನಿಯ ಭಾಗ ಅಂದ ಮೇಲೆ ತಗೋಬಹುದು ಅಲ್ವಾ ಅಂತ. ನಾನು ಬರೆಯಲು ಕೂತಿದ್ದು ಆ ಸಾಲಿಗೆ. "ಅದೇ ಕಂಪನಿ, ಅದೇ ಭಾಗ, ಏನು ವ್ಯತ್ಯಾಸ?" ಅಂತ 2014ರಲ್ಲಿ ನಾನೂ ಹೇಳಿದ್ದೆ. ಅದೂ ಜಾವಾ ವಿಷಯಕ್ಕೇ.

ನಮ್ಮದು ಮಂಡ್ಯ. ನಮ್ಮ ಚಿಕ್ಕಪ್ಪ ಮಾತ್ರ ಮೈಸೂರು ಸೇರಿದವರು, ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಕೆಲಸ. 1971ರಲ್ಲಿ ತಮ್ಮ ಸಂಬಳದಲ್ಲೇ ಒಂದು 250 ಸಿಸಿ ಜಾವಾ ತಗೊಂಡರು. ಮೆರೂನ್ ಬಣ್ಣ, ಟ್ಯಾಂಕ್ ಪಕ್ಕಕ್ಕೆ ಕ್ರೋಮ್, ಎರಡು ಸೈಲೆನ್ಸರ್, ಎಂವೈ ಅಂತ ಶುರುವಾಗುವ ನಂಬರ್. ಶನಿವಾರ ಸಂಜೆ ಅದು ನಮ್ಮ ಬೀದಿ ತಿರುಗುವ ಮೊದಲೇ ಸದ್ದು ಕೇಳಿ ಅಜ್ಜಿ ಅನ್ನಕ್ಕೆ ಇಡುತ್ತಿದ್ದರು. ಕಿಕ್ಕರ್ ಹೊಡೆದು ಅದೇ ಲಿವರನ್ನು ಮುಂದಕ್ಕೆ ಮಡಚಿದರೆ ಅದೇ ಗೇರ್ ಆಗುತ್ತಿತ್ತು, ನಮಗೆಲ್ಲ ಅದು ದೊಡ್ಡ ಮ್ಯಾಜಿಕ್.

1983ರಲ್ಲಿ ಶ್ರೀರಂಗಪಟ್ಟಣದ ಹತ್ತಿರ ಕಬ್ಬು ತುಂಬಿದ ಎತ್ತಿನ ಗಾಡಿಗೆ ದಾರಿ ಬಿಡಲು ಹೋಗಿ ಚಿಕ್ಕಪ್ಪ ರಸ್ತೆ ಪಕ್ಕದ ಕಲ್ಲಿನ ಮೇಲೆ ಹತ್ತಿಸಿಬಿಟ್ಟರು. ಎಂಜಿನ್ ತಳ ಬಿರುಕು ಬಿಟ್ಟು ಆಯಿಲ್ ಎಲ್ಲ ಸೋರಿತು. ವೆಲ್ಡಿಂಗ್ ಮಾಡಿಸಿದರು. ಅಲ್ಲೊಂದು ಗಂಟು ಉಳಿಯಿತು, ಹೆಬ್ಬೆರಳು ಗಾತ್ರದ್ದು, ಒರಟು. ಮೂವತ್ತು ವರ್ಷ ಅದು ಹಾಗೇ ಇತ್ತು, ಒಂದು ಹನಿ ಆಯಿಲ್ ಸೋರಲಿಲ್ಲ.

ಚಿಕ್ಕಪ್ಪನಿಗೆ ಮಂಡಿ ನೋವು ಜಾಸ್ತಿ ಆದ ಮೇಲೆ ಗಾಡಿ ನನಗೆ ಬಂತು. ಪೂರ್ತಿ ಬಿಚ್ಚಿಸಿ ಹೊಸದು ಮಾಡಿಸಿ ಅವರ ಮುಂದೆ ನಿಲ್ಲಿಸಬೇಕು ಅನ್ನೋ ಹುಚ್ಚು ನನಗೆ. ಒಬ್ಬ ಮೆಕ್ಯಾನಿಕ್ ಸಿಕ್ಕ. ಎಂಜಿನ್ ಬಿಚ್ಚಿ ಗಂಟು ತೋರಿಸಿ, "ಸಾರ್, ಇದು ಅಸಹ್ಯ. ನನ್ನತ್ರ ಕ್ಲೀನ್ ಕ್ರ್ಯಾಂಕ್‌ಕೇಸ್ ಐತೆ, ಇದೇ ಮಾಡೆಲ್ಲು, ಇದೇ ಫ್ಯಾಕ್ಟರಿದು. ಹಾಕ್ಬಿಡಾಣ" ಅಂದ. ನಂಬರ್ ಬೇರೆ ಇರುತ್ತಲ್ಲ ಅಂದೆ. "ನಂಬರ್ ತಾನೆ, ಹೊಡ್ಕೊಡ್ತೀನಿ ಬಿಡಿ."

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಬೇಜಾರಾದರೂ ಓದಿ. ಕ್ರ್ಯಾಂಕ್‌ಕೇಸ್ ಅಂದರೆ ಎಂಜಿನ್ನಿನ ಹೊಟ್ಟೆ, ಕ್ರ್ಯಾಂಕು, ಗೇರು ಎಲ್ಲ ಕೂರುವ ಅಲ್ಯೂಮಿನಿಯಂ ಡಬ್ಬಿ. ಪಿಸ್ಟನ್ ಬದಲಾಯಿಸಿ, ಬ್ಲಾಕ್ ಬೋರ್ ಮಾಡಿಸಿ, ಕಾರ್ಬುರೇಟರ್ ಹೊಸದು ಹಾಕಿ, ಯಾರೂ ಕೇಳಲ್ಲ, ಅವು ಸವೆಯುವ ಭಾಗಗಳು. ಆದರೆ ಎಂಜಿನ್ ನಂಬರ್ ಹೊಡೆದಿರುವುದು ಕ್ರ್ಯಾಂಕ್‌ಕೇಸ್ ಮೇಲೆ. ಆರ್‌ಸಿಯಲ್ಲಿ ಬರೆದಿರುವುದು ಆ ನಂಬರ್. ಅದನ್ನು ಬದಲಾಯಿಸಬಾರದು ಅಂತೇನೂ ಇಲ್ಲ. ಬದಲಾಯಿಸುವುದಾದರೆ ಆರ್‌ಟಿಒದಲ್ಲಿ ಮೊದಲು ಅನುಮತಿ ಪಡೆದು, ಬಂದ ಎಂಜಿನ್ನಿನ ಬಿಲ್ಲು ಕೊಟ್ಟು, ಹೊಸ ನಂಬರನ್ನು ಆರ್‌ಸಿಯಲ್ಲಿ ಬರೆಸಬೇಕು. ಅಷ್ಟು ಮಾಡಿದ್ದರೆ ನಾನು ಈ ಉತ್ತರ ಬರೆಯುವ ಅಗತ್ಯವೇ ಇರಲಿಲ್ಲ. ನಾನೇನು ಮಾಡಿದೆ? ಯಾವುದೋ ಪುಣ್ಯಾತ್ಮನ ಗಾಡಿಯ ನಂಬರನ್ನು ಅರದಲ್ಲಿ ಉಜ್ಜಿ ಅಳಿಸಿ, ಅದರ ಮೇಲೆ ಚಿಕ್ಕಪ್ಪನ ಗಾಡಿಯ ನಂಬರ್ ಹೊಡೆಸಿದೆ. ಆಮೇಲೆ ಚಿಕ್ಕಪ್ಪನ ಅಸಲಿ ಕ್ರ್ಯಾಂಕ್‌ಕೇಸನ್ನು ಆ ಮೆಕ್ಯಾನಿಕ್ಕಿಗೇ ಬಿಟ್ಟೆ, ಬಿಲ್ಲಿನಲ್ಲಿ 1,500 ರೂಪಾಯಿ ಕಡಿಮೆ ಮಾಡಿದ ಅಂತ. ಒಂದೇ ಅರದಲ್ಲಿ ಎರಡು ಗಾಡಿಗಳ ಗುರುತು ಹಾಳು ಮಾಡಿದೆ. ಚಿಕ್ಕಪ್ಪನದು ಹೋಯಿತು, ಆ ಇನ್ನೊಂದು ಯಾರದೋ, ಅದೂ ಹೋಯಿತು. ಕದ್ದ ಗಾಡಿಯದೇ ಇರಬಹುದಿತ್ತು, ನಾನು ಕೇಳಲೂ ಇಲ್ಲ.

ಗಾಡಿ ಮಾತ್ರ ಫಳಫಳ. ಯಾದವಗಿರಿಗೆ ತಗೊಂಡು ಹೋಗಿ ಮನೆ ಮುಂದೆ ನಿಲ್ಲಿಸಿದೆ. ಚಿಕ್ಕಪ್ಪ ಬಣ್ಣ ನೋಡಲಿಲ್ಲ, ಕ್ರೋಮ್ ನೋಡಲಿಲ್ಲ. ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತು ಎಂಜಿನ್ ಕೆಳಗೆ ಕೈ ಹಾಕಿದರು. ಬೆರಳು ಹಿಂದೆ ಮುಂದೆ ಆಡಿತು. "ಗಂಟು ಎಲ್ಲೋಯ್ತ್ಲಾ?" ಅಂದರು. ಹೊಸ ಕ್ರ್ಯಾಂಕ್‌ಕೇಸ್ ಹಾಕಿಸಿದೆ ಚಿಕ್ಕಪ್ಪ, ನಿಮ್ಮ ಫ್ಯಾಕ್ಟರಿದೇ ಅಂದೆ. ಎದ್ದು ಕೈ ಒರೆಸಿಕೊಂಡು, ಕಾಫಿ ಕುಡ್ಕೊಂಡು ಹೋಗು ಅಂದರು. ಒಂದು ರೌಂಡ್ ಹೋಗೋಣ ಅಂದಿದ್ದಕ್ಕೆ ಮಂಡಿ ನೋವು ಅಂದರು.

2017ರಲ್ಲಿ ಆರ್‌ಸಿ ನವೀಕರಣಕ್ಕೆ ಹೋದಾಗ ಇನ್‌ಸ್ಪೆಕ್ಟರ್ ನಂಬರ್ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿದರು. ಚಾಸಿಸ್ ನಂಬರ್ ಸರಿಯಾಗಿ ಬಂತು. ಎಂಜಿನ್ನಿನದು ಉಜ್ಜಿದಾಗ ಅಂಕಿಗಳ ಹಿಂದೆ ಅರದ ಗೀರುಗಳೂ ಪೇಪರ್ ಮೇಲೆ ಮೂಡಿದವು, ಓರೆಯಾಗಿ, ಮಳೆ ಹನಿ ಬಿದ್ದ ಹಾಗೆ. ಅಂಕಿಗಳೂ ಒಂದು ಮೇಲೆ ಒಂದು ಕೆಳಗೆ. ಅವರು ಕೂಗಾಡಲಿಲ್ಲ, ಪೇಪರನ್ನು ನನ್ನ ಕಡೆ ತಿರುಗಿಸಿ ತೋರಿಸಿದರು ಅಷ್ಟೇ. ಅಲ್ಲಿಂದ ಪೊಲೀಸ್ ಸ್ಟೇಷನ್, ಹೇಳಿಕೆ, ಮೆಕ್ಯಾನಿಕ್ಕಿನ ಅಂಗಡಿಗೆ ಬೀಗ, ಅವನ ಫೋನ್ ಸ್ವಿಚ್ ಆಫ್. ಆ ಅಲೆದಾಟ ಬರೆದರೆ ಇನ್ನೊಂದು ಪುರಾಣ ಆಗುತ್ತದೆ, ಬಿಡಿ.

ಈಗ ನಿಮ್ಮ ಕಾರುಗಳ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯಲ್ಲೇ ತಪ್ಪಿದೆ ಅನ್ನುವುದು ನನ್ನ ಅಭಿಪ್ರಾಯ. "ಕಂಪನಿಯೇ ಮಾಡಿದರೆ ಅಸಲಿ" ಅಂತ ನೀವು ಹಿಡಿದಿದ್ದೀರಿ. ಕಂಪನಿ ಅನ್ನುವುದು ಬೋರ್ಡು. ಜಾಗ್ವಾರ್ 2008ರಿಂದ ನಮ್ಮ ಟಾಟಾದವರದು, ಹಾಗಂತ 1963ರಲ್ಲಿ ಅಲ್ಲಿ ಕೆಲಸ ಮಾಡಿದವರು ಮತ್ತೆ ಬರುತ್ತಾರಾ? ಅವರ ಲೈಟ್‌ವೇಟ್ ಇ-ಟೈಪ್ ಕಥೆ ನೋಡಿ. ಆಗ 18 ಕಾರು ಮಾಡಬೇಕು ಅಂತಿದ್ದು 12 ಮಾತ್ರ ಕಟ್ಟಿದ್ದರು. ಉಳಿದ 6 ಚಾಸಿಸ್ ನಂಬರ್ ಖಾಲಿ ಇದೆ ಅಂತ ಐವತ್ತು ವರ್ಷ ಆದ ಮೇಲೆ, 2014ರಲ್ಲಿ, ಆ ಆರನ್ನು ಕಟ್ಟಲು ಶುರು ಮಾಡಿದರು. ಅವರದೇ ಎಕ್ಸ್‌ಕೆಎಸ್‌ಎಸ್ ಅನ್ನೋ ಕಾರಿನದು ಇನ್ನೂ ಚೆನ್ನಾಗಿದೆ. 1957ರಲ್ಲಿ ಫ್ಯಾಕ್ಟರಿಗೆ ಬೆಂಕಿ ಬಿದ್ದು 9 ಕಾರು ಸುಟ್ಟು ಹೋದವು, ಅದರ ಲೆಕ್ಕಕ್ಕೆ ಈಗ 9 ಹೊಸದು. ನನ್ನ ಕಣ್ಣಿಗೆ ಈ ಖಾಲಿ ನಂಬರ್ ತುಂಬುವ ಆಟ ಸ್ವಲ್ಪ ನಾಟಕವೇ. ಮದುವೆ ಊಟದಲ್ಲಿ ಆರು ಎಲೆ ಖಾಲಿ ಉಳಿದಿತ್ತು ಅಂತ ಐವತ್ತು ವರ್ಷ ಬಿಟ್ಟು ಹೋಗಿ ಕೂತ ಹಾಗೆ. ಊಟ ಚೆನ್ನಾಗಿರಬಹುದು, ಆ ಮದುವೆ ಅಂತೂ ಅಲ್ಲ.

ಆದರೆ ಅದು ಮೋಸ ಅಲ್ಲ, ಇದನ್ನು ಗಮನಿಸಿ. ತಗೊಳ್ಳುವವನಿಗೆ ಅದು ಈಗ ಕಟ್ಟಿದ್ದು ಅಂತ ಗೊತ್ತು, ಕಾಗದದಲ್ಲೂ ಹಾಗೇ ಇದೆ, ಹಳೆ ಕಾರು ಯಾವುದರ ನಂಬರನ್ನೂ ಅಳಿಸಿಲ್ಲ. ಬೆಂಟ್ಲಿಯವರು ತಮ್ಮ 'ಬ್ಲೋವರ್' ಕಾರನ್ನು ಹೀಗೇ 12 ಕಟ್ಟಿದರು. 1929ರ ರೇಸ್ ಕಾರೊಂದನ್ನು ಪೂರ್ತಿ ಬಿಚ್ಚಿ, ಪ್ರತಿ ಭಾಗವನ್ನೂ ಲೇಸರ್‌ನಲ್ಲಿ ಅಳೆದು, ಮತ್ತೆ ಜೋಡಿಸಿಟ್ಟರು. ಹಳೆಯದು ಹಳೆಯದಾಗೇ ಉಳಿಯಿತು. ಆಸ್ಟನ್ ಮಾರ್ಟಿನ್‌ನವರು ಬಾಂಡ್ ಸಿನಿಮಾದ ಡಿಬಿ5 ಅನ್ನು 25 ಕಟ್ಟಿ, ಒಂದೊಂದಕ್ಕೆ ತೆರಿಗೆ ಬಿಟ್ಟು 27.5 ಲಕ್ಷ ಪೌಂಡ್ ತಗೊಂಡರು, ರೋಡಿನ ಮೇಲೆ ಓಡಿಸುವ ಹಾಗೇ ಇಲ್ಲ ಅಂತ ಮೊದಲೇ ಹೇಳಿ. ದುಡ್ಡಿದ್ದವರು ತಗೊಳ್ಳಲಿ, ನನಗೇನು. ಅದು ತಾನು ಏನು ಅಂತ ನಿಜ ಹೇಳುವ ಆಟಿಕೆ.

ಅಸಲಿ ಅಂದರೆ ಭಾಗ ಅಲ್ಲ ಅಂತ ಇಂಗ್ಲೆಂಡಿನ ಕೋರ್ಟೇ ಹೇಳಿದೆ. 1929 ಮತ್ತು 1930, ಎರಡು ವರ್ಷ ಫ್ರಾನ್ಸಿನ ಲೆ ಮಾನ್ಸ್ ರೇಸ್ ಗೆದ್ದ ಬೆಂಟ್ಲಿ, 'ಓಲ್ಡ್ ನಂಬರ್ ಒನ್' ಅಂತ. ಅದನ್ನು 1 ಕೋಟಿ ಪೌಂಡಿಗೆ ಮಾರುವ ಮಾತಾಯಿತು. ಕೊಳ್ಳುವವರು ಇದರಲ್ಲಿ ಹಳೆಯದು ಏನೂ ಉಳಿದಿಲ್ಲ ಅಂತ ತಕರಾರು ತೆಗೆದರು. ಚಾಸಿಸ್, ಬಾಡಿ, ಎಂಜಿನ್ ಎಲ್ಲ ಕಾಲಕಾಲಕ್ಕೆ ಬದಲಾಗಿದ್ದು ನಿಜವೇ. 1990ರಲ್ಲಿ ಕೋರ್ಟು ಮಾರುವವರ ಪರ ನಿಂತಿತು. ಗೆದ್ದ ದಿನದಿಂದ ಇವತ್ತಿನ ತನಕ ಅದರ ಬದುಕು ಎಲ್ಲೂ ಕಡಿದಿಲ್ಲ, ಹಾಗಾಗಿ ಅದೇ ಕಾರು ಅಂತ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಚಿಕ್ಕಪ್ಪನ ಗಾಡಿಯ ಬದುಕು ಕಡಿಯದೆ ಸಾಗಿದ್ದಕ್ಕೆ ಸಾಕ್ಷಿ ಆ ಗಂಟು. ಅದನ್ನೇ ನಾನು ಅಸಹ್ಯ ಅಂತ ತೆಗೆಸಿದ್ದು.

ಇನ್ನೂ ಒಂದು ಮಾತು. ಮೈಸೂರು ಸೀಮೆಯವರಾದ ನಾವು 'ಕಂಪನಿಯದೇ ಅಸಲಿ' ಅಂತ ವಾದ ಮಾಡಲೇಬಾರದು. ಜಾವಾ ಹುಟ್ಟಿದ್ದು ಚೆಕ್ ದೇಶದಲ್ಲಿ. ಅವರ ಡಿಸೈನ್ ತಗೊಂಡು ಯಾದವಗಿರಿಯಲ್ಲಿ ಕಟ್ಟಿದ್ದು, ಆಮೇಲೆ ಹೆಸರು ಯೆಜ್ಡಿ ಅಂತ ಬದಲಾದರೂ ಅದೇ ವಂಶವನ್ನು 1996ರಲ್ಲಿ ಬಾಗಿಲು ಹಾಕುವ ತನಕ ಎಳೆದುಕೊಂಡು ಬಂದಿದ್ದು ನಮ್ಮವರು. ಅದನ್ನು ಯಾರಾದರೂ ಕಾಪಿ ಅಂದರೆ ಮೈಸೂರಿನಲ್ಲಿ ಅವರಿಗೆ ಕಾಫಿ ಸಿಗಲ್ಲ. 2018ರಲ್ಲಿ ಮತ್ತೆ ಬಂದ ಜಾವಾ ಕೂಡ ಹಾಗೇ. ಮಧ್ಯಪ್ರದೇಶದ ಪೀಥಂಪುರದಲ್ಲಿ ಕಟ್ಟಿದ್ದು, ಬಂದಾಗ 293 ಸಿಸಿ, ಫೋರ್ ಸ್ಟ್ರೋಕ್, ಹೊಗೆಯೂ ಇಲ್ಲ, ಆ ಸದ್ದೂ ಇಲ್ಲ. ಆದರೆ 1971ರದು ಅಂತ ಅದು ಸುಳ್ಳು ಹೇಳುವುದಿಲ್ಲವಲ್ಲ. ಹೊಸದರ ಹಾಗೆ ಬೇಕು ಅನ್ನುವುದಾದರೆ ಅದನ್ನೇ ತಗೊಳ್ಳಿ, ಬೆಳಗ್ಗೆ ಬಟನ್ ಒತ್ತಿದರೆ ಸ್ಟಾರ್ಟ್ ಆಗುತ್ತದೆ.

ನಿಮಗೆ ಸಿಗುತ್ತಿರುವ ಆ ಜೋಡಿಸಿದ ಜಾವಾ ಬೇಡ. ಫೋಟೋ ನೋಡದೆಯೇ ಹೇಳುತ್ತಿದ್ದೇನೆ. ನೋಡಲೇಬೇಕು ಅಂತ ಹೋದರೆ ಪೇಂಟ್ ಕಡೆ ತಲೆ ಎತ್ತಬೇಡಿ, ಮೊದಲು ಆರ್‌ಸಿ ಕೈಗೆ ತಗೊಳ್ಳಿ, ಒಂದು ಪೆನ್ಸಿಲು ಒಂದು ಬಿಳಿ ಹಾಳೆ ಜೇಬಿನಲ್ಲಿರಲಿ. ಎಂಜಿನ್ ನಂಬರ್ ಇರುವ ಜಾಗ ಸುತ್ತಮುತ್ತಲಿನ ಲೋಹಕ್ಕಿಂತ ನುಣ್ಣಗಿದ್ದರೆ ಹೆಲ್ಮೆಟ್ ಹಾಕಿಕೊಂಡು ವಾಪಸ್ ಬನ್ನಿ. ಯಾವ ಮೆಕ್ಯಾನಿಕ್ ಯಾವ ಭಾಗ ತೆಗೆದರೂ ಅದನ್ನು ಗೋಣಿಚೀಲದಲ್ಲಿ ಹಾಕಿಸಿಕೊಂಡು ಮನೆಗೆ ತನ್ನಿ, ತುಕ್ಕು ಹಿಡಿದ ನಟ್ಟಾದರೂ ಸರಿ.

ನಮ್ಮ ಗಾಡಿ ಈಗಲೂ ಮಂಡ್ಯದ ಮನೆಯ ಶೆಡ್‌ನಲ್ಲಿದೆ, ಆರ್‌ಸಿ ನವೀಕರಣ ಆಗಿಲ್ಲ, ರೋಡಿಗೆ ಇಳಿಸಿಲ್ಲ. ಚಿಕ್ಕಪ್ಪನಿಗೆ ಈಗ ಎಂಬತ್ತು ದಾಟಿದೆ. ನಾನು ಭಾನುವಾರಗಳಲ್ಲಿ ಮೈಸೂರಿನ ಗುಜರಿ ಅಂಗಡಿಗಳಿಗೆ ಹೋಗಿ ಜಾವಾ ಕ್ರ್ಯಾಂಕ್‌ಕೇಸ್ ಕಂಡರೆ ತಳಕ್ಕೆ ಬೆರಳು ಹಾಕಿ ನೋಡುತ್ತೇನೆ. ಅಂಗಡಿಯವರು ನನ್ನನ್ನು 'ಗಂಟು ಸಾರ್' ಅಂತಲೇ ಕರೆಯುತ್ತಾರೆ. ಇದನ್ನು ಓದುವವರಲ್ಲಿ ಯಾರ ಬಳಿಯಾದರೂ 250 ಸಿಸಿ ಜಾವಾ ಕ್ರ್ಯಾಂಕ್‌ಕೇಸ್ ಇದ್ದು, ತಳದಲ್ಲಿ ಹೆಬ್ಬೆರಳು ಗಾತ್ರದ ವೆಲ್ಡಿಂಗ್ ಗಂಟು ಇದ್ದರೆ, ನಂಬರ್ ಆಮೇಲೆ ನೋಡೋಣ, ಮೊದಲು ಇಲ್ಲಿ ಒಂದು ಮೆಸೇಜ್ ಹಾಕಿ.