2 ಇಂಚು ಎತ್ತರಿಸಿದ ಜಿಮ್ನಿಗೆ ಲಾಂಗ್ ಆರ್ಮ್ ಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಹೊಳಲ್ಕೆರೆಯಲ್ಲಿದ್ದೀರಿ, ಐದು ಬಾಗಿಲಿನ ಮಾರುತಿ ಜಿಮ್ನಿ, 2 ಇಂಚು ಲಿಫ್ಟ್ ಆಗಿದೆ. ಬಂಡೆ ಹತ್ತಿಸುವಾಗ ಒಂದು ಚಕ್ರ ಬೇಗ ನೆಲ ಬಿಡುತ್ತೆ. ಗ್ಯಾರೇಜಿನವರು ಲಾಂಗ್ ಆರ್ಮ್ (ಕಂಪನಿಯದಕ್ಕಿಂತ ಉದ್ದದ ಸಸ್ಪೆನ್ಷನ್ ತೋಳು) ಹಾಕಿಸಿ ಅಂತಿದ್ದಾರೆ, ಹಾಕಿಸಲಾ ಅಂತ.

ಬೇಡ. ನಾನು ದಾವಣಗೆರೆಯವನು, ಇದೇ ಆಸೆಗೆ ಬಿದ್ದು ನನ್ನ ಹಳೇ ಜೀಪಿಗೆ ಹಾಕಿಸಿದ್ದೆ, ಅದರ ಕಥೆ ಮುಂದೆ ಹೇಳ್ತೀನಿ. ಮೊದಲು ಆರ್ಮ್ ಮಾಡೋ ಕೆಲಸ ಏನು ಅಂತ ನೋಡಿ.

ಆರ್ಮಿನ ಒಂದು ತುದಿ ಚಾಸಿಗೆ, ಅಂದ್ರೆ ಗಾಡಿಯ ಚೌಕಟ್ಟಿಗೆ, ಇನ್ನೊಂದು ತುದಿ ಎಡ ಬಲ ಚಕ್ರ ಕೂಡಿಸೋ ಆಕ್ಸಲ್‌ಗೆ. ಹಾಗಾಗಿ ಆಕ್ಸಲ್ ನೆಟ್ಟಗೆ ಕೆಳಗಿಳಿಯಲ್ಲ, ಕೈವಾರದಲ್ಲಿ ಗೀಚಿದ ಹಾಗೆ ಸುತ್ತಿಕೊಂಡು ಇಳಿಯುತ್ತೆ. ಮನೇಲೇ ಪರೀಕ್ಷೆ ಮಾಡಬಹುದು. 40 ಸೆಂ.ಮೀ. ಉದ್ದದ ರಟ್ಟಿನ ಪಟ್ಟಿ ಒಂದು, 80 ಸೆಂ.ಮೀ. ಪಟ್ಟಿ ಒಂದು ಕತ್ತರಿಸಿ, ಗೋಡೆಗೆ ಮೊಳೆ ಹೊಡೆದು ಅಡ್ಡಡ್ಡ ಹಿಡಿಯಿರಿ. ತುದಿಯನ್ನ 10 ಸೆಂ.ಮೀ. ಇಳಿಸಿ, ಅಂದ್ರೆ ಸುಮಾರು 4 ಇಂಚು ಲಿಫ್ಟ್. ಗಿಡ್ಡ ಪಟ್ಟಿ 14 ಡಿಗ್ರಿಗಿಂತ ಹೆಚ್ಚು ವಾಲುತ್ತೆ, ಉದ್ದದ್ದು 7 ಡಿಗ್ರಿ. ಇನ್ನೂ 20 ಸೆಂ.ಮೀ. ಇಳಿಸಿ, ಚಕ್ರ ಹಳ್ಳಕ್ಕೆ ಜೋತು ಬಿದ್ದ ಹಾಗೆ. ಈಗ ಗಿಡ್ಡ ಪಟ್ಟಿಯ ತುದಿ 13 ಸೆಂ.ಮೀ.ಗಿಂತ ಹೆಚ್ಚು ಒಳಕ್ಕೆ ಸರಿದಿರುತ್ತೆ, ಉದ್ದದ್ದು 6 ಕೂಡ ಸರಿದಿರಲ್ಲ. ಲಾಂಗ್ ಆರ್ಮಿನ ಲಾಭ ಇರೋದೇ ಇಲ್ಲಿ. ಟೈರು ಮಡ್‌ಗಾರ್ಡಿಗೆ ತಾಗಲ್ಲ. ಮುಂದಿನ ಆರ್ಮ್ ಕಡಿದಾಗಿ ಇಳಿಜಾರಾಗಿದ್ರೆ ಚಕ್ರ ಉಬ್ಬಿಗೆ ಗುದ್ದಿದಾಗ ಏಳಬೇಕು, ಜತೆಗೆ ಉಬ್ಬಿನ ಕಡೆಗೇ ಮುಂದೆ ಹೋಗಬೇಕು, ಅದಕ್ಕೇ ಗಾಡಿ ಒದೆಯೋದು. ಆ ಒದೆತವೂ ಕಡಿಮೆಯಾಗುತ್ತೆ.

ಆದ್ರೆ ನಿಮ್ಮದು 2 ಇಂಚು. ಅಷ್ಟಕ್ಕೆ ಆರ್ಮಿನ ಕೋನ ಹೆಚ್ಚು ಕೆಡಲ್ಲ. 4 ಇಂಚು ದಾಟಿದ ಮೇಲೆ ಲಾಂಗ್ ಆರ್ಮ್ ಮಾತಾಡೋಣ.

ಹಾಗಾದ್ರೆ ಚಕ್ರ ಯಾಕೆ ಏಳುತ್ತೆ? ಜಿಮ್ನಿಯ ಎರಡೂ ಆಕ್ಸಲ್‌ಗೆ ಎರಡೆರಡು ಆರ್ಮು, ಅಡ್ಡ ಒಂದೊಂದು ರಾಡು. ಮುಂದಿನ ಪ್ರತಿ ಆರ್ಮೂ ಎರಡು ಬುಷ್‌ನಲ್ಲಿ (ಕೀಲಿನ ರಬ್ಬರ್ ಬಳೆ) ಆಕ್ಸಲನ್ನ ಕಚ್ಚಿ ಹಿಡಿದಿರುತ್ತೆ. ಒಂದು ಚಕ್ರ ಏರಿ ಇನ್ನೊಂದು ಇಳಿದಾಗ ಎರಡು ಆರ್ಮೂ ಬೇರೆ ಬೇರೆ ಕೋನಕ್ಕೆ ಹೋಗಬೇಕು, ನಡುವೆ ಇರೋ ಆಕ್ಸಲಿನ ಗಟ್ಟಿ ಕವಚ ತಿರುಚಿಕೊಳ್ಳಲ್ಲ. ಆಟವೆಲ್ಲ ಬುಷ್‌ನ ರಬ್ಬರಿನಲ್ಲೇ ಸಿಗಬೇಕು. ಅದಕ್ಕೇ ಗಟ್ಟಿ ಪಾಲಿಯುರೆಥೇನ್ ಬುಷ್ ಹಾಕಿಸಿದ್ರೆ ಚಕ್ರ ಇನ್ನೂ ಬೇಗ ಏಳುತ್ತೆ, ಯಾರು ಎಷ್ಟು ಹೊಗಳಿದರೂ ಬಂಡೆ ಹತ್ತಿಸೋ ಗಾಡಿಗೆ ಒಳ್ಳೇ ರಬ್ಬರ್ ಬುಷ್ಶೇ ಇರಲಿ. ಎರಡನೇದು ಮುಂದಿನ ಸ್ಟೆಬಿಲೈಸರ್ ಬಾರ್, ತಿರುವಲ್ಲಿ ಗಾಡಿ ವಾಲದ ಹಾಗೆ ಎರಡೂ ಚಕ್ರವನ್ನ ಜೋಡಿಸಿ ಹಿಡಿಯೋ ಕಂಬಿ. ಬಂಡೆಗೆ ಮುಂಚೆ ಲಿಂಕ್ ಬಿಚ್ಚಿ ಮೇಲೆ ಕಟ್ಟಿ, ಟಾರು ರಸ್ತೆಗೆ ಬರೋ ಮುಂಚೆ ಮರೆಯದೆ ಹಾಕಿ. ಮೂರನೇದು ಶಾಕ್, ಅಂದ್ರೆ ಶಾಕ್ ಅಬ್ಸಾರ್ಬರ್. ಲಿಫ್ಟ್ ಮಾಡಿ ಹಳೇ ಶಾಕನ್ನೇ ಬಿಟ್ಟಿದ್ರೆ, ನಿಂತಲ್ಲೇ ಅದು 2 ಇಂಚು ಚಾಚಿಕೊಂಡಿರುತ್ತೆ, ಇಳಿಯೋಕೆ ಉಳಿದಿರೋ ಆಟ ಅಷ್ಟು ಕಮ್ಮಿ. ನನ್ನ ಅನುಮಾನ ಇದರ ಮೇಲೇ.

ಇನ್ನೊಂದು, ನಮ್ಮ ಕಡೆ ನೆಲದ ವಿಷಯ. ಚಿತ್ರದುರ್ಗ ಸೀಮೆಯಲ್ಲಿ ಗುಂಡುಕಲ್ಲು, ಬೋಳು ಬಂಡೆ. ಐದು ಬಾಗಿಲಿನ ಜಿಮ್ನಿಯ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2590 ಮಿ.ಮೀ., ಅದರಿಂದಾಗಿ ಹೊಟ್ಟೆ ತಾಗದೆ ದಾಟೋ ಕೋನ ಬರೀ 24 ಡಿಗ್ರಿ. ಲಾಂಗ್ ಆರ್ಮಿನ ಚಾಸಿ ಬ್ರಾಕೆಟ್ ಸರಿಯಾಗಿ ಆ ಹೊಟ್ಟೆಯ ಕಡೆಗೇ ಬಂದು ಕೆಳಗೆ ಜೋತಿರುತ್ತೆ. ಚಕ್ರಕ್ಕೆ ಆಟ ಕೊಟ್ಟು ಹೊಟ್ಟೆಯನ್ನ ಬಂಡೆ ಮೇಲೆ ಕೂರಿಸಿದ ಹಾಗೆ ಆಗುತ್ತೆ.

ನನ್ನ ಜೀಪಿನ ಕಥೆ. ಕಮಾನ್ ಪ್ಲೇಟು ತೆಗೆಸಿ ಕಾಯಿಲ್ ಸ್ಪ್ರಿಂಗ್, ಲಾಂಗ್ ಆರ್ಮ್ ಹಾಕಿಸಿದ್ದೆ. ಆರ್ಮ್ ಚೆನ್ನಾಗೇ ಇತ್ತು. ಬ್ರಾಕೆಟ್ಟನ್ನ ಮಾತ್ರ ಹಿಂದೆ ಸಪೋರ್ಟ್ ಪ್ಲೇಟು ಕೊಡದೆ ನೇರ ಚಾಸಿಗೆ ವೆಲ್ಡ್ ಮಾಡಿದ್ದರು. ಮೂರು ತಿಂಗಳಿಗೆ ಜಗಳೂರು ಕಡೆ ಟ್ರ್ಯಾಕ್ಟರ್ ದಾರೀಲಿ ವೆಲ್ಡಿಂಗ್ ಕಿತ್ತು ಬಂತು, ಹಿಂದಿನ ಆಕ್ಸಲ್ ಓರೆಯಾಯ್ತು. ಲೋ ಗೇರಲ್ಲಿ ತೆವಳುತ್ತಿದ್ದೆ, ಪಕ್ಕದಲ್ಲಿ ನನ್ನ ಮಗ ಕೂತಿದ್ದ. ಅದೇ ಹೈವೇಲಿ ಆಗಿದ್ರೆ ಅಂತ ಇವತ್ತಿಗೂ ನೆನೆಸಿಕೊಳ್ಳೋಕೆ ಆಗಲ್ಲ. ಬ್ರೇಕ್ ಹಾಕಿದಾಗ, ಗುಂಡಿಗೆ ಬಿದ್ದಾಗ ಬರೋ ಬಲವೆಲ್ಲ ಆ ನಾಲ್ಕು ಬ್ರಾಕೆಟ್ ಮೇಲೆ. ಲೇತ್ ಕೆಲಸ, ವೆಲ್ಡಿಂಗ್ ಚೆನ್ನಾಗಿ ಬಲ್ಲವರು ಹರಿಹರ, ದಾವಣಗೆರೆಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಆದ್ರೆ ಚಾಸಿಗೆ ಬಲ ಎಲ್ಲಿ ಬೀಳುತ್ತೆ ಅಂತ ಯೋಚಿಸಿ ಬೆಸೆಯೋದು ಬೇರೆಯದೇ ಕೆಲಸ.

ಕಾನೂನಿನ ಮಾತೂ ಹೇಳಿಬಿಡ್ತೀನಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಾಗೋ ಹಾಗೆ ಗಾಡಿ ಮಾರ್ಪಾಡು ಮಾಡುವಂತಿಲ್ಲ. ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ ಬೀಳಬಹುದು, ಆರು ತಿಂಗಳವರೆಗೆ ಜೈಲೂ ಆಗಬಹುದು. ನಿಮ್ಮ 2 ಇಂಚಿನ ಬಗ್ಗೆಯೂ ಆರ್‌ಟಿಒದಲ್ಲಿ ಒಮ್ಮೆ ವಿಚಾರಿಸಿ.

ಲಿಫ್ಟ್ ಆದ ಮೇಲೆ ಕ್ಯಾಸ್ಟರ್ (ಸ್ಟೀರಿಂಗ್ ತಿರುಗೋ ಅಕ್ಷ ಹಿಂದಕ್ಕೆ ವಾಲಿರೋ ಕೋನ, ಗಾಡಿ ನೇರ ಓಡೋದು ಇದರಿಂದ) ಸರಿ ಮಾಡಿಸಿದ್ದೀರಾ? ಜಿಮ್ನಿಯ ಮುಂದಿನ ಆರ್ಮ್ ವಾಲಿದಷ್ಟೂ ಆಕ್ಸಲ್ ಕೂಡ ತಿರುಗುತ್ತೆ, ಕ್ಯಾಸ್ಟರ್ ಕಡಿಮೆಯಾಗುತ್ತೆ. ಚಿತ್ರದುರ್ಗದ ಗಾಳಿ ಫ್ಯಾನ್ ಇರೋ ಗುಡ್ಡಗಳ ಹತ್ತಿರ ಹೈವೇಲಿ ಅಡ್ಡಗಾಳಿ ಹೊಡೆದಾಗ ಸ್ಟೀರಿಂಗ್ ತೇಲಿದ ಹಾಗೆ ಆದ್ರೆ ಇದೇ ಕಾರಣ ಇರಬಹುದು. ಇದಕ್ಕೆ ಕ್ಯಾಸ್ಟರ್ ಬುಷ್ ಸಾಕು, ಅಳತೆ ಹೊಂದಿಸೋ ಅಡ್ಡ ರಾಡು ಆಕ್ಸಲ್ ಪಕ್ಕಕ್ಕೆ ಸರಿದಿದ್ರೆ ಮಾತ್ರ.

ಈ ಭಾನುವಾರ ಒಂದು ಕೆಲಸ ಮಾಡಿ. ಸಮತಟ್ಟು ಜಾಗದಲ್ಲಿ, ಬೇರೆ ಚಕ್ರಗಳಿಗೆ ಕಲ್ಲು ಕೊಟ್ಟು, ಒಂದು ಮುಂದಿನ ಚಕ್ರದ ಕೆಳಗೆ ಗಟ್ಟಿ ದಿಮ್ಮಿಗಳನ್ನ ಇಟ್ಟು ಎದುರು ಚಕ್ರ ನೆಲ ಬಿಡೋವರೆಗೂ ಎತ್ತರಿಸಿ. ಆಗ ಜೋತಿರೋ ಕಡೆ ಶಾಕ್ ಪೂರ್ತಿ ಚಾಚಿದೆಯಾ, ಬ್ರೇಕ್ ಪೈಪ್ ಬಿಗಿದಿದೆಯಾ, ಸ್ಪ್ರಿಂಗ್ ಸೀಟು ಬಿಟ್ಟಿದೆಯಾ ನೋಡಿ. ಹಿಂದೆಯೂ ಹಾಗೇ. ಶಾಕಿನ ಎರಡು ಬೋಲ್ಟ್ ನಡುವಿನ ಅಳತೆ, ನಿಂತಾಗ ಎಷ್ಟು, ಜೋತಾಗ ಎಷ್ಟು, ನಾಲ್ಕೂ ಚಕ್ರದ್ದು ಇಲ್ಲಿ ಬರೆಯಿರಿ. ಎಷ್ಟು ಉದ್ದದ ಶಾಕ್ ಬೇಕು ಅಂತ ಲೆಕ್ಕ ಹಾಕಿ ಹೇಳ್ತೀನಿ.