ನಮ್ಮ ಊರಿನ ನೀರು ಏಕೆ ಸುದ್ದಿಯಾಗಲಿಲ್ಲ?

ಪ್ರಶ್ನೆ: ಪಾವಗಡ ತಾಲ್ಲೂಕಿನ ನಮ್ಮ ಊರಿನಲ್ಲಿ ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಮಕ್ಕಳ ಹಲ್ಲು ಕಂದುಗಟ್ಟಿವೆ, ಹಿರಿಯರಿಗೆ ಮಂಡಿ ಮಡಚಲು ಆಗುತ್ತಿಲ್ಲ. ಪತ್ರಿಕೆಯೊಂದಕ್ಕೆ ಮೂರು ಸಲ ಬರೆದರೂ ಒಂದು ಸಾಲು ಪ್ರಕಟವಾಗಲಿಲ್ಲ. ಅದೇ ವಾರ ನಟರೊಬ್ಬರ ಮದುವೆಗೆ ಅರ್ಧ ಪುಟ ಸಿಕ್ಕಿತು. ಯಾವುದು ಸುದ್ದಿ ಎಂದು ಪತ್ರಿಕೆಯವರು ತೀರ್ಮಾನಿಸುವುದು ಹೇಗೆ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದೇ. ಮೊದಲು ಜಾಗದ ವಿಷಯ ಹೇಳುತ್ತೇನೆ. ಪುಟದ ಡಮ್ಮಿ, ಅಂದರೆ ಯಾವುದು ಎಲ್ಲಿ ಬರಬೇಕೆಂದು ತೋರಿಸುವ ಖಾಲಿ ನಕ್ಷೆ, ಸುದ್ದಿ ಆಯ್ದು ತಿದ್ದುವ ಡೆಸ್ಕಿಗೆ ಬರುವ ಹೊತ್ತಿಗೆ ಜಾಹೀರಾತುಗಳ ಜಾಗ ನಿಗದಿಯಾಗಿರುತ್ತದೆ. ತಾಲ್ಲೂಕು ವರದಿಗಾರರು ಮತ್ತು ಸುದ್ದಿಸಂಸ್ಥೆಗಳು ಕಳಿಸಿದ ಎಲ್ಲವೂ ಉಳಿದ ಜಾಗದಲ್ಲೇ ಹಿಡಿಸಬೇಕು. 1949ರಲ್ಲಿ ಅಮೆರಿಕದ ಸಣ್ಣ ನಗರವೊಂದರ ಪತ್ರಿಕೆಯ ಸಂಪಾದಕರೊಬ್ಬರು, ಸಂಶೋಧಕ ಡೇವಿಡ್ ಮ್ಯಾನಿಂಗ್ ವೈಟ್ ಅವರ ಕೋರಿಕೆಯಂತೆ, ಒಂದು ವಾರ ತಾವು ಕೈಬಿಟ್ಟ ಸುದ್ದಿಗಳಿಗೆ ಕಾರಣ ಬರೆದಿಟ್ಟರು. ಸುದ್ದಿಸಂಸ್ಥೆಗಳಿಂದ ಬಂದದ್ದರಲ್ಲಿ ಅವರು ಬಳಸಿದ್ದು ಸುಮಾರು ಹತ್ತನೇ ಒಂದು ಪಾಲು ಮಾತ್ರ. ಕಾರಣಗಳಲ್ಲಿ 'ಜಾಗವಿಲ್ಲ' ಎಂಬುದು ಮತ್ತೆ ಮತ್ತೆ ಬಂದಿತ್ತು. ಅವರ ಸ್ವಂತ ಇಷ್ಟಾನಿಷ್ಟಗಳೂ ಅಲ್ಲಿ ಕಾಣುತ್ತಿದ್ದವು.

ಆದರೆ ಜಾಗವೊಂದೇ ಕಾರಣವಾಗಿದ್ದರೆ ಮದುವೆಗೂ ಜಾಗ ಇರುತ್ತಿರಲಿಲ್ಲ. ನಾರ್ವೆಯ ಸಂಶೋಧಕರಾದ ಯೊಹಾನ್ ಗಾಲ್ಟುಂಗ್ ಮತ್ತು ಮಾರಿ ರೂಗೆ ಅವರು ಕಾಂಗೋ, ಕ್ಯೂಬಾ, ಸೈಪ್ರಸ್ ಬಿಕ್ಕಟ್ಟುಗಳನ್ನು ತಮ್ಮ ದೇಶದ ಪತ್ರಿಕೆಗಳು ವರದಿ ಮಾಡಿದ ಬಗೆಯನ್ನು ಪರಿಶೀಲಿಸಿ, ಘಟನೆಯೊಂದನ್ನು ಸುದ್ದಿಯಾಗಿಸುವ ಹನ್ನೆರಡು ಅಂಶಗಳನ್ನು 1965ರಲ್ಲಿ ಮುಂದಿಟ್ಟರು. ಪ್ರಬಲರ ಮಾತು, ಅನಿರೀಕ್ಷಿತ ತಿರುವು, ಕೆಡುಕು, ಓದುಗರಿಗೆ ಹತ್ತಿರವೆನಿಸುವುದು ಮುಂತಾದವು ಅದರಲ್ಲಿವೆ. ನಿಮ್ಮ ಊರಿನ ಮಟ್ಟಿಗೆ ಮುಖ್ಯವಾದದ್ದು ಇನ್ನೊಂದು: ಪತ್ರಿಕೆಯ ಎರಡು ಸಂಚಿಕೆಗಳ ನಡುವಿನ ಅವಧಿಯಲ್ಲಿ ಆರಂಭವಾಗಿ ಮುಗಿಯುವ ಘಟನೆ ಬೇಗ ಸುದ್ದಿಯಾಗುತ್ತದೆ. ಮದುವೆಗೆ ದಿನಾಂಕವಿದೆ, ಅಪಘಾತಕ್ಕೆ ಗಳಿಗೆಯಿದೆ. ಇಪ್ಪತ್ತು ವರ್ಷಗಳಿಂದ ಮೂಳೆಗೆ ಇಳಿಯುತ್ತಿರುವ ಫ್ಲೋರೈಡ್ ಯಾವ ದಿನ ನಡೆಯಿತೆಂದು ವರದಿಗಾರ ಬರೆಯಬೇಕು? ಇದನ್ನು ಸಮರ್ಥನೆಯಾಗಿ ಹೇಳುತ್ತಿಲ್ಲ. ದಿನಪತ್ರಿಕೆಯ ಕಸುಬಿನಲ್ಲಿ ನಾನು ಕಂಡ ಅತಿ ದೊಡ್ಡ ದೋಷ ಇದು. ಪ್ರತಿಭಟನೆಗೆ ಜನ ಸೇರುವವರೆಗೆ ಕಾಯದೆ ವರದಿಗಾರನನ್ನು ಊರಿಗೆ ಕಳಿಸುವುದು ಸಂಪಾದಕರ ಹೊಣೆ.

ಹಾಗಿದ್ದರೂ ನಾಲ್ಕನೆಯ ಪತ್ರ ಬರೆಯಿರಿ, ಆದರೆ ಅಹವಾಲಿನ ರೂಪದಲ್ಲಿ ಬೇಡ. ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ದಿನಾಂಕವಿರುವ ವರದಿಯನ್ನು ಜೊತೆಗಿಡಿ. ಬೇರೆ ನೀರಿನ ಮೂಲವಿಲ್ಲದಿದ್ದಾಗಲೂ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ನಿಮ್ಮಲ್ಲಿ ಎಷ್ಟಿದೆ ಎಂಬ ಅಂಕಿಯೇ ತಲೆಬರಹವಾಗಬಲ್ಲದು. ಶುದ್ಧ ನೀರಿನ ಘಟಕವಿದ್ದರೆ ಅದು ಎಂದಿನಿಂದ ಕೆಟ್ಟಿದೆ, ಪಂಚಾಯಿತಿಗೆ ಕೊಟ್ಟ ಅರ್ಜಿಗೆ ಏನು ಉತ್ತರ ಬಂತು ಎಂಬುದನ್ನೂ ಬರೆಯಿರಿ. ಜಿಲ್ಲಾ ಪುಟ ಸಾಮಾನ್ಯವಾಗಿ ಆ ಜಿಲ್ಲೆಯ ಆವೃತ್ತಿಯಲ್ಲಷ್ಟೇ ಅಚ್ಚಾಗುವುದರಿಂದ, ಒಂದು ಪ್ರತಿಯನ್ನು ಬೆಂಗಳೂರಿನ ಮುಖ್ಯ ಕಚೇರಿಗೂ ಕಳಿಸಿ.